ಗೋಮಾಳದಲ್ಲಿ ನಾನು ಕಂಡ ತಿಪ್ಪೆ

ನಿವೃತ್ತಿಗೆ ಎರಡು ವರ್ಷ ಬಾಕಿಯಿದ್ದಾಗ ನಾನು ಹಾಸನದಲ್ಲಿ ಭೂವಿಜ್ಞಾನಿಯಾಗಿದ್ದೆ. ಶಾಂತಿಗ್ರಾಮದ ಆಚೆ, ಎಂದೋ ಮುಚ್ಚಿಹೋಗಿದ್ದ ಕ್ರೋಮಿಯಂ ಲೇಪನದ ಕಾರ್ಖಾನೆಯೊಂದರ ವಿಷಮಣ್ಣನ್ನು ತೆಗೆಸಬೇಕಿತ್ತು. ಎಲ್ಲಿಯವರೆಗೆ ಅಗೆಯಬೇಕೆಂದು ಗೆರೆ ಎಳೆಯುವುದು ನನ್ನ ಕೆಲಸ.

ಕಾಂಪೌಂಡಿನ ಹೊರಗೆ ಗೋಮಾಳ, ಅದರಂಚಿಗೆ ಒಂದು ಕೇರಿ. ಕೇರಿಗಿದ್ದ ಒಂದೇ ಬೋರ್‌ವೆಲ್ಲಿನ ನೀರು ಹಳದಿಗೆ ತಿರುಗಿತ್ತು. "ಫ್ಯಾಕ್ಟ್ರಿಯೋರು ಗೋಮಾಳದಲ್ಲಿ ಗುಂಡಿ ತೆಗ್ಸಿ ಕಸ ಸುರಿದ್ರು ಸಾ. ಅಗ್ದಿದ್ದು ನಮ್ಮಪ್ಪ, ಮಂಕ್ರೀಲಿ ಮಣ್ಣು ಒತ್ತಿದ್ದು ನಾನು," ಎಂದರು ಕೇರಿಯ ಹಿರಿಯೆ ಲಕ್ಕಮ್ಮ. ಈಗಲ್ಲಿ ಸಪಾಟು ನೆಲ, ಹುಲ್ಲು.

ಕಾರ್ಖಾನೆ ನಡೆಯುತ್ತಿದ್ದ ಕಾಲದಲ್ಲಿ ನಾಲೆ ಕೆಲಸಕ್ಕೆಂದು ವಿಮಾನದಿಂದ ತೆಗೆಸಿದ್ದ ಹಳೆಯ ಫೋಟೊಗಳನ್ನು ತರಿಸಿದೆ. ಒಂದೇ ಜಾಗವನ್ನು ತುಸು ಸರಿದು ತೆಗೆದ ಎರಡು ಫೋಟೊಗಳನ್ನು ಅಕ್ಕಪಕ್ಕ ಇಟ್ಟು, ಸ್ಟೀರಿಯೋಸ್ಕೋಪ್ ಎಂಬ ಜೋಡಿ ಮಸೂರದ ಉಪಕರಣದಲ್ಲಿ ನೋಡಿದರೆ ಉಬ್ಬುತಗ್ಗುಗಳು ಎದ್ದು ಕಾಣುತ್ತವೆ. ಗೋಮಾಳದಲ್ಲಿ ನನಗೆ ಕಂಡದ್ದು ದಿಬ್ಬ. 'ದಿಬ್ಬ, ತಿಪ್ಪೆ ಇರಬಹುದು' ಎಂದು ಬರೆದು, ಗೋಮಾಳವನ್ನು ಗೆರೆಯ ಹೊರಗೆ ಬಿಟ್ಟು ವರದಿ ಕಳಿಸಿದೆ. ಲಕ್ಕಮ್ಮನಿಗೂ ಹಾಗೇ ಹೇಳಿದೆ.

"ದನ ಮೇಯೋ ಜಾಗದಲ್ಲಿ ತಿಪ್ಪೆ ಆಕಾಕೆ ಯಾರು ಬುಟ್ಟಾರು ಸಾ? ಅವ್ರವ್ರ ತಿಪ್ಪೆ ಅವ್ರವ್ರ ಇತ್ಲಲ್ಲಿರ್ತದೆ."

ಮುಖಕ್ಕೆ ಹೊಡೆದಂತಾಯಿತು. ಕಚೇರಿಗೆ ಬಂದು ಮತ್ತೆ ನೋಡಿದೆ. ಫೋಟೊದ ಮೂಲೆಯಲ್ಲಿದ್ದ ತೆರೆದ ಬಾವಿ ಗೋಪುರದ ಹಾಗೆ ಮೇಲಕ್ಕೆ ನಿಂತಿತ್ತು! ಎಡದ ಫೋಟೊವನ್ನು ಬಲಕ್ಕೆ ಇಟ್ಟಿದ್ದೆ. ಹಾಗಿಟ್ಟರೆ ತಗ್ಗೆಲ್ಲ ಉಬ್ಬಾಗುತ್ತದೆ. ಅದಲು ಬದಲು ಮಾಡಿದೆ. ಬಾವಿ ಕೆಳಗಿಳಿಯಿತು, ನನ್ನ ತಿಪ್ಪೆಯೂ ಗುಂಡಿಯಾಯಿತು. ಮೂವತ್ತು ವರ್ಷ ಇದೇ ಕೆಲಸ ಮಾಡಿದವನು ನಾನು. ನಾಚಿಕೆಯಾಯಿತು.

ಮೇಲಧಿಕಾರಿಗಳು ಒಪ್ಪಲಿಲ್ಲ. "ಕಳಿಸಿದ ವರದಿ ತಿದ್ದಿದರೆ ಇಲಾಖೆಯ ಮಾನ ಏನಾಗಬೇಕು? ನಿವೃತ್ತಿ ಹತ್ತಿರ ಇದೆ, ಸುಮ್ಮನಿರಿ."

"ಹೋಗುವ ಮಾನ ನನ್ನದು ಸಾರ್. ಆ ನೀರು ಕುಡಿಯುವವರು ಅವರು," ಎಂದೆ. ಕಚೇರಿ ಪ್ರತಿಯಲ್ಲಿ 'ದಿಬ್ಬ'ದ ಮೇಲೆ ಗೆರೆ ಎಳೆದು, 'ಗುಂಡಿ. ತಪ್ಪು ನನ್ನದು' ಎಂದು ಬರೆದು, ಅವರೆದುರೇ ಸಹಿ ಹಾಕಿದೆ. ನೋಟಿಸ್ ಕೊಟ್ಟರು. ಅದಕ್ಕೂ ಅದನ್ನೇ ಉತ್ತರವಾಗಿ ಬರೆದೆ. ಕೊನೆಗೆ, ಅಗೆದು ಏನೂ ಸಿಗದಿದ್ದರೆ ಹೊಣೆ ನನ್ನದೇ ಎಂದು ಬರೆಸಿಕೊಂಡು ಜೆಸಿಬಿ ಕಳಿಸಿದರು.

ಆಳುದ್ದ ಅಗೆಯುವಷ್ಟರಲ್ಲಿ ಹಳದಿ ಕೆಸರು ಬಂತು. ಲಕ್ಕಮ್ಮ ಅಂಚಿಗೆ ಬಂದು ಬಗ್ಗಿ ನೋಡಿದರು. "ಈಗ ಬರ್ಕಳಿ ಸಾ," ಎಂದರು.

ಗೋಮಾಳವೂ ಗೆರೆಯೊಳಗೆ ಬಂತು, ಕೇರಿಗೆ ಬೇರೆ ಕಡೆಯಿಂದ ನಲ್ಲಿ ನೀರೂ ಬಂತು. ಆ ನೋಟಿಸನ್ನು ಇನ್ನೂ ಇಟ್ಟುಕೊಂಡಿದ್ದೇನೆ. ನನ್ನ ವೃತ್ತಿ ಕಲಿಸಿದ್ದು ಇಷ್ಟೇ: ಆಕಾಶದಿಂದ ತೆಗೆದ ಫೋಟೊ ನಂಬುವ ಮೊದಲು, ಆ ಮಣ್ಣು ಹೊತ್ತವರನ್ನು ಕೇಳಬೇಕು.