ಬಿಳಿಗಣ್ಣಿನ ಜೋಡಿಗೆ ಕೆಂಪುಗಣ್ಣಿನ ಮಕ್ಕಳು

ಅಪ್ಪನ ಕಣ್ಣು ಅಚ್ಚ ಬಿಳಿ, ಅಮ್ಮನ ಕಣ್ಣೂ ಅಚ್ಚ ಬಿಳಿ, ಹುಟ್ಟಿದ ಮಕ್ಕಳೆಲ್ಲರ ಕಣ್ಣು ಕೆಂಪು. ನಂಬುವುದಿಲ್ಲ ತಾನೆ? ನಂಬಬೇಡಿ. ಕುಲಕರ್ಣಿಯವರೂ ನಂಬಿರಲಿಲ್ಲ, ಅವರ ಗತಿ ಏನಾಯಿತು ಕೇಳಿ.

2008ರಲ್ಲಿ ನಾನು ಡೊಂಬಿವಲಿಯ ಒಂದು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರದ ಮೇಷ್ಟ್ರು. ಹಣ್ಣುನೊಣ ಸಾಕುವುದರಲ್ಲಿ ಇಡೀ ಊರಿನಲ್ಲಿ ನನಗೆ ಸಮಾನರಿರಲಿಲ್ಲ. ಬೇರೆ ಯಾರೂ ಸಾಕುತ್ತಿರಲಿಲ್ಲ ಎನ್ನುವುದು ಬೇರೆ ಮಾತು. ನನ್ನ ಎಂ.ಎಸ್ಸಿ. ವಿದ್ಯಾರ್ಥಿನಿ ಸುಜಾತಾಳ ಪ್ರಾಜೆಕ್ಟ್, ಈ ಎಳ್ಳುಕಾಳಿನಷ್ಟು ನೊಣದ ಕಣ್ಣಿನ ಬಣ್ಣ. ನೊಣಗಳ ಊಟಕ್ಕೆ ರವೆ, ಬೆಲ್ಲ, ಕಳಿತ ಬಾಳೆಹಣ್ಣು ಬರುತ್ತಿದ್ದುದು ನೌಪಾಡಾದಲ್ಲಿದ್ದ ಅವಳ ಅಪ್ಪನ ಹೋಟೆಲಿನಿಂದ.

"ಎಂಥ ಅವಸ್ಥೆ ಮಾರಾಯ್ರೆ! ನಾನಿಲ್ಲಿ ದಿನವಿಡೀ ನೊಣ ಓಡಿಸುವುದು, ಮಗಳು ಅಲ್ಲಿ ಅದಕ್ಕೆ ಶಿರಾ ಬಡಿಸುವುದು! ಫೇಲಾದ್ರೆ ಸೀದಾ ಗಲ್ಲಾದಲ್ಲಿ ಕೂರಿಸ್ತೇನೆ," ಎನ್ನುತ್ತಿದ್ದರು ಶೆಟ್ಟರು. ತಮಾಷೆಯಲ್ಲ, ಅದಕ್ಕೆಂದು ಹೊಸ ಕುರ್ಚಿಯನ್ನೂ ತರಿಸಿದ್ದರು.

ನೊಣದ ಕಣ್ಣು ಇಟ್ಟಿಗೆ ಕೆಂಪು. ಹೊಳೆಯುವ ಕೆಂಪು, ಕಂದು ಎರಡೂ ಸೇರಿ ಆದ ಬಣ್ಣ. ಇವೆರಡರ ಸರಕು ಎರಡು ಲೋಕಲ್ ರೈಲುಗಾಡಿಗಳಲ್ಲಿ ಕಣ್ಣಿಗೆ ಬರುತ್ತದೆ ಎಂದುಕೊಳ್ಳಿ. ‘ಸ್ಕಾರ್ಲೆಟ್’ ಎಂಬ ಜೀನ್ ಕೆಟ್ಟರೆ ಕಂದಿನ ಗಾಡಿ ರದ್ದು, ಕಣ್ಣು ಕುಂಕುಮದಂತೆ. ‘ಬ್ರೌನ್’ ಕೆಟ್ಟರೆ ಕೆಂಪಿನ ಗಾಡಿ ರದ್ದು, ಕಣ್ಣು ಕಾಫಿ ಬಣ್ಣ. ಸುಜಾತಾ ಈ ಎರಡು ತಳಿಗಳನ್ನು ಕೂಡಿಸಿದಳು. ಒಂದರಲ್ಲಿ ಕೆಟ್ಟದ್ದನ್ನು ಇನ್ನೊಂದು ತುಂಬಿಕೊಟ್ಟು, ಮಕ್ಕಳೆಲ್ಲ ಇಟ್ಟಿಗೆ ಕೆಂಪು. ಮೊಮ್ಮಕ್ಕಳಲ್ಲಿ ಮಾತ್ರ ಹದಿನಾರಕ್ಕೊಂದರಂತೆ ಎರಡೂ ಗಾಡಿ ರದ್ದಾದ ಬಿಳಿಗಣ್ಣಿನವು ಬಂದವು.

ವೈವಾಕ್ಕೆ ಪರೀಕ್ಷಕರಾಗಿ ಬಂದವರು ಧಾರವಾಡ ಕಡೆಯ, ಈಗ ಪಕ್ಕದ ಕಲ್ಯಾಣದಲ್ಲಿ ಮನೆ ಮಾಡಿದ್ದ ಕುಲಕರ್ಣಿ. ಆ ಬಿಳಿಗಣ್ಣುಗಳನ್ನು ನೋಡಿ ತಲೆಯೆತ್ತಿದವರಿಗೆ ಕಪಾಟಿನಲ್ಲಿದ್ದ ಇನ್ನೊಂದು ಸೀಸೆ ಕಂಡಿತು. ಅದರಲ್ಲಿದ್ದದ್ದು ‘ವೈಟ್’ ಎಂಬ ಜೀನ್ ಕೆಟ್ಟ ಹಳೆಯ ಬಿಳಿಗಣ್ಣಿನ ತಳಿ.

"ಏನ್ರೀ ಮಾಸ್ತರ, ಆ ಬಾಟ್ಲಿ ಹುಳ ಈ ಬಾಟ್ಲಿಗೆ ಹಾರ್‍ಯಾವ. ಹುಡುಗಿ ಕೆಲಸ ಕೆಡಿಸ್ಯಾಳ. ನಾ ಪಾಸ್ ಮಾಡಂಗಿಲ್ಲ."

"ಕಸಮ್ ಸೆ ಸರ್, ಕುಛ್ ಮಿಕ್ಸ್ ನಹೀ ಹುವಾ!" ಏನೂ ಬೆರೆತಿಲ್ಲ ಎಂದು ಆಣೆಯಿಡುವಾಗ ಸುಜಾತಾಳ ಕಣ್ಣು ತುಂಬಿತು.

ನಾನು ಅವಳ ಕಿವಿಯಲ್ಲಿ ಉಪಾಯ ಹೇಳಿದೆ: ನಿನ್ನ ಬಿಳಿಗಣ್ಣಿನ ಹೆಣ್ಣನ್ನು ಆ ಸೀಸೆಯ ಬಿಳಿಗಣ್ಣಿನ ಗಂಡಿಗೆ ಕೊಟ್ಟು ಮದುವೆ ಮಾಡು. ‘ವೈಟ್’ ಕೆಟ್ಟ ನೊಣಕ್ಕೆ ಗಾಡಿಗಳೆರಡೂ ಇರುತ್ತವೆ. ಅವನ್ನು ಓಡಿಸುವ ಕರೆಂಟಿನ ತಂತಿಯೇ ತುಂಡಾಗಿರುತ್ತದೆ. ಎರಡೂ ಒಂದೇ ತಳಿಯಾದರೆ ಮಕ್ಕಳೂ ಬಿಳಿ. ಬೇರೆಯಾದರೆ ಹೆಣ್ಣು ತಂತಿ ತರುತ್ತದೆ, ಗಂಡು ಗಾಡಿ ತರುತ್ತದೆ, ಮಕ್ಕಳ ಕಣ್ಣು ಕೆಂಪು.

ಮರುದಿನವೂ ವೈವಾ ಇತ್ತು. ಸುಜಾತಾ ಬೆಳಗಿನ ಮೊದಲ ಲೋಕಲ್ ಹಿಡಿದು ಬಂದು, ಆಗಷ್ಟೇ ಕೋಶದಿಂದ ಹೊರಬಿದ್ದ, ಗಂಡಿನ ಮುಖ ನೋಡಿರದ ಹೆಣ್ಣುಗಳನ್ನೇ ಆರಿಸಿಟ್ಟಳು. ಕುಲಕರ್ಣಿಯವರ ಎದುರೇ ಜೋಡಿ ಮಾಡಿ, ಹತ್ತಿಯ ಬಿರಡೆ ಹಾಕಿ, ಸೀಸೆಯನ್ನು ಅವರ ಕೈಗೇ ಕೊಟ್ಟೆವು.

"ಇಲ್ಲಿಟ್ಟರೆ ನಾನು ಕೈಚಳಕ ಮಾಡಿದೆ ಅಂತೀರಿ. ಮನೆಗೆ ಒಯ್ಯಿರಿ ಸ್ವಾಮಿ, ಬಾಣಂತನ ನಿಮ್ಮದೇ," ಎಂದೆ.

ಸಂಜೆಯ ಲೋಕಲ್‌ನ ನೂಕುನುಗ್ಗಲಿನಲ್ಲಿ ಅವರು ಸೀಸೆಯನ್ನು ತಲೆಯ ಮೇಲೆ ಎತ್ತಿ ಹಿಡಿದುಕೊಂಡೇ ಕಲ್ಯಾಣಕ್ಕೆ ಹೋದರು.

ಎರಡು ವಾರ ಕಳೆದು ಫೋನ್ ಬಂತು. "ಮಾಸ್ತರ, ಎಲ್ಲಾ ಕೆಂಪರೀ! ನನ್ನ ಹೆಂಡ್ತಿನೂ ಲೆನ್ಸ್ ಹಿಡದು ನೋಡ್ಯಾಳ. ಹುಡುಗಿ ಪಾಸ್. ಮತ್ತ... ಈ ಕೂಸುಗಳಿಗೆ ಬಾಳೆಹಣ್ಣು ಎಷ್ಟು ಹಾಕ್ಬೇಕ್ರೀ?"

ಶೆಟ್ಟರ ಹೊಸ ಕುರ್ಚಿಯಲ್ಲಿ ಕೊನೆಗೆ ಕೂತವನು ನಾನು, ಬಿಸಿ ಬನ್ಸ್ ತಿನ್ನಲು.

ಎರಡು ಕಣ್ಣು ಒಂದೇ ಥರ ಬಿಳಿಯಿದ್ದರೆ ಕಾರಣವೂ ಒಂದೇ ಎನ್ನಬಾರದು, ಮಕ್ಕಳನ್ನು ನೋಡಿ ಮಾತಾಡಬೇಕು. ಇದು ನೊಣಗಳು ನನಗೆ ಕಲಿಸಿದ್ದು.

ಇಷ್ಟೆಲ್ಲದರಲ್ಲಿ ನಾನು ಕಟ್ಟಿ ಹೇಳಿದ್ದು ಒಂದೇ. ತಲೆಯ ಮೇಲಿನ ಸೀಸೆ ನಿಜ, ಕುರ್ಚಿಯೂ ನಿಜ. ಕಿವಿಯಲ್ಲಿ ಉಪಾಯ ಹೇಳಿದ್ದೆನಲ್ಲ, ಅಲ್ಲಿ ಕಿವಿ ನನ್ನದು, ಬಾಯಿ ಸುಜಾತಾಳದು.