ಹೆಂಡತಿಯ ಬ್ಯಾಗಿಗೆ ಹೋದ ಪೆನ್ ಡ್ರೈವ್

ಬಣ್ಣದ ಅಂಗಡಿಯಲ್ಲಿ ಅವನನ್ನು ಎಲ್ಲರೂ ಕರೆಯುವುದು ‘ಇಂಜಿನಿಯರ್ ಸಾಹೇಬ್ರು’ ಎಂದೇ. ಆ ಹೆಸರು ಇಟ್ಟುಕೊಂಡವನೂ ಅವನೇ. ಇಂಜಿನಿಯರಿಂಗ್ ಅರ್ಧಕ್ಕೆ ಬಿಟ್ಟವನೆಂದು ಊರವರು ಆಡಿಕೊಳ್ಳುವ ಮೊದಲು ತಾನೇ ಆಡಿಕೊಂಡರೆ ಅಷ್ಟು ಚುಚ್ಚುವುದಿಲ್ಲ ಎಂದು ಅವನ ನಂಬಿಕೆ. ಗಿರಾಕಿ ತಂದ ಗೋಡೆಯ ಚಕ್ಕೆ ನೋಡಿ ಅದೇ ಬಣ್ಣ ಬೆರೆಸಿ ಕೊಡುವುದು ಅವನ ಕೆಲಸ. ಉಗುರಿನ ಸಂದಿಯಲ್ಲಿ ಸದಾ ಒಂದು ನೀಲಿ ಗೆರೆ.

ಮದುವೆಯಾಗಿ ಒಂದೂವರೆ ವರ್ಷ. ಹೆಂಡತಿ ನರ್ಸ್. ರೈಲಿನಲ್ಲಿ ಹತ್ತು ಗಂಟೆ ದೂರದ ಆಸ್ಪತ್ರೆಯಲ್ಲಿ ಕೆಲಸ. ಎರಡು ತಿಂಗಳಿಗೊಮ್ಮೆ ಬಂದು ಮೂರು ದಿನ ಇದ್ದು ಹೋಗುತ್ತಾಳೆ. ಉಳಿದಂತೆ ಸಂಸಾರವೆಲ್ಲ ಲ್ಯಾಪ್‌ಟಾಪಿನ ಪರದೆಯ ಮೇಲೆ. ಅದೋ ಮುದಿ ಯಂತ್ರ. ಅವಳು ನಗಲು ಶುರುಮಾಡಿದರೆ ನಗು ಅರ್ಧಕ್ಕೇ ನಿಂತುಬಿಡುತ್ತಿತ್ತು. ಉಳಿದರ್ಧಕ್ಕೆ ಇವನು ಬಾಯಿ ಬಿಟ್ಟುಕೊಂಡು ಕಾಯಬೇಕು.

ಹೋದ ಸಲ ಅವಳು ಹೊರಡುವ ಮಧ್ಯಾಹ್ನ ಅವನಿಗೆ ಹುರುಪು ಬಂತು. ಅವಳದೇ ಪೆನ್ ಡ್ರೈವ್ ಖಾಲಿ ಮಾಡಿಸಿ, ಅದರ ಮೂಲಕ ಲ್ಯಾಪ್‌ಟಾಪಿಗೆ ಹೊಸ ಆಪರೇಟಿಂಗ್ ಸಿಸ್ಟಮ್ ಹಾಕಲು ಕೂತ. ಯಂತ್ರವನ್ನು ಎಬ್ಬಿಸುವ ಭಾಗ ಎಲ್ಲಿರಬೇಕು ಎಂದು ಪರದೆ ಕೇಳಿತು. ಅದೇ ಹೊತ್ತಿಗೆ ಒಳಕೋಣೆಯಲ್ಲಿ ಅವಳು ಬ್ಯಾಗಿನ ಜಿಪ್ ಎಳೆದ ಸದ್ದು. ಅವನು ಪಟ್ಟಿಯಲ್ಲಿ ಮೊದಲು ಕಂಡದ್ದನ್ನೇ ಒತ್ತಿದ. ಲ್ಯಾಪ್‌ಟಾಪ್ ಚಕ್ಕನೆ ಎದ್ದಿತು.

“ಪರವಾಗಿಲ್ವೇ, ಸಾಹೇಬ್ರು ಗಟ್ಟಿಗರು!” ಎಂದಳು. ಲ್ಯಾಪ್‌ಟಾಪ್ ಆರಿಸಿ, ಪೆನ್ ಡ್ರೈವ್ ಕಿತ್ತು ಬ್ಯಾಗಿಗೆ ಹಾಕಿಕೊಂಡು ರೈಲು ಹತ್ತಿದಳು.

ಸಂಜೆ ಅವನು ಗುಂಡಿ ಒತ್ತಿದಾಗ ಕಪ್ಪು ಪರದೆ. ಶುರುವಾಗಲು ಏನೂ ಸಿಗುತ್ತಿಲ್ಲ ಎಂಬ ಒಂದೇ ಸಾಲು.

ಮರುದಿನ ಅಂಗಡಿಯ ಪಕ್ಕದ ರಿಪೇರಿಯವನು ಅದನ್ನು ತಿರುವಿ ನೋಡಿ ನಕ್ಕ. “ಎಬ್ಬಿಸೋ ಭಾಗವನ್ನ ಪೆನ್ ಡ್ರೈವ್‌ಗೇ ಹಾಕಿದೀರಲ್ಲ ಸ್ವಾಮಿ! ಅದನ್ನ ಚುಚ್ಚಿದ್ರೆ ಮಾತ್ರ ಏಳತ್ತೆ. ಮನೆಗೆ ಬೀಗ ಜಡಿದು ಕೀಲಿಕೈ ನೆಂಟರ ಕೈಗೆ ಕೊಟ್ಟು ಕಳಿಸಿದ ಹಾಗಾಯ್ತು. ಇಡಿ, ಹತ್ತು ನಿಮಿಷದ ಕೆಲಸ.”

ಅವನು ಲ್ಯಾಪ್‌ಟಾಪನ್ನು ಮೆಲ್ಲಗೆ ತನ್ನ ಕಡೆಗೆ ಎಳೆದುಕೊಂಡ. “ಬೇಡ ಬಿಡಿ. ಪೆನ್ ಡ್ರೈವ್ ಇರೋರು ಬರ್ತಾರೆ.”

“ಯಾವಾಗ?”

“ಅದೇ ನಂಗೂ ಗೊತ್ತಿಲ್ಲ.”

ಹೆಂಡತಿಗೆ ಫೋನಿನಲ್ಲಿ, ಕೇಸು ಕೈಮೀರಿದೆ, ಪೆನ್ ಡ್ರೈವ್ ಬಾರದೆ ಗತಿಯಿಲ್ಲ ಎಂದ.

“ಅಯ್ಯೋ, ನಾಳೇನೇ ಕೊರಿಯರ್ ಮಾಡ್ತೀನಿ.”

“ಬೇಡ ಬೇಡ, ದಾರೀಲಿ ಕಳೆದುಹೋದ್ರೆ?”

ಈಗ ಮಾತು ಬರೀ ಫೋನಿನಲ್ಲಿ. ಅವನದೋ ವಿಡಿಯೊ ಬಾರದ ಹಳೇ ಗುಂಡಿ ಫೋನು. ಹದಿನೆಂಟು ದಿನ ಅವಳ ಮುಖ ಕಾಣಲಿಲ್ಲ. ಮೂರ್ಖತನಕ್ಕೂ ಒಂದು ಮಿತಿ ಬೇಡವೇ ಎಂದು ತನ್ನನ್ನೇ ಬೈದುಕೊಂಡ. ಹತ್ತು ನಿಮಿಷದಲ್ಲಿ ಸಿಗುವ ಮುಖವನ್ನು ಬಿಟ್ಟು, ಹತ್ತು ಗಂಟೆ ದೂರದಿಂದ ಬರಬೇಕಾದ ಮುಖಕ್ಕೆ ಹಟ ಹಿಡಿದಿದ್ದ. ಕಪ್ಪು ಪರದೆಯ ಧೂಳು ಒರೆಸುವಾಗ ಅಮ್ಮ, “ಸತ್ತಿರೋದಕ್ಕೆ ದಿನಾ ಎಷ್ಟು ಉಪಚಾರವೋ!” ಎಂದರು.

ಹತ್ತೊಂಬತ್ತನೆಯ ದಿನ ಅವಳೇ ಕೇಳಿದಳು. “ಇಲ್ಲಿ ಲ್ಯಾಬಿನವರನ್ನ ವಿಚಾರಿಸ್ದೆ. ಯಾವ ರಿಪೇರಿ ಅಂಗಡೀಲಾದ್ರೂ ಹತ್ತು ನಿಮಿಷದ ಕೆಲಸವಂತೆ?”

ಅವನು ಉಗುರಿನ ನೀಲಿ ಗೆರೆಯನ್ನು ಕೆರೆಯುತ್ತಾ ಕೂತ. “ಹೌದಂತೆ.”

“ನಿಮಗೆ ಗೊತ್ತಿತ್ತಾ?”

“ಮೊದಲ್ನೇ ದಿನದಿಂದ.”

ಆ ಕಡೆ ಯಾರೋ ಸ್ಟ್ರೆಚರ್ ತಳ್ಳಿಕೊಂಡು ಹೋದ ಸದ್ದು ಹತ್ತಿರ ಬಂದು ದೂರವಾಯಿತು. ಆಮೇಲೆ ಅವಳ ದನಿ, ಒಂದಿಷ್ಟು ತಗ್ಗಿ: “ಈ ತಿಂಗಳು ರಜೆ ಕೊಡಲ್ಲ ಅಂದ್ರು. ಮುಂದಿನ ತಿಂಗಳಿಗೂ ಕೇಳಿದೀನಿ, ಏನಂತಾರೋ. ಪೆನ್ ಡ್ರೈವ್ ಮಾತ್ರ ಬ್ಯಾಗಿನಲ್ಲೇ ಇದೆ, ತೆಗೆದಿಲ್ಲ.”

“ಹಾಗಾದ್ರೆ ರಿಪೇರಿಗೆ ಕೊಟ್ಬಿಡ್ಲಾ?”

“ಕೊಟ್ರೆ ನೋಡಿ!” ಎಂದಳು.

ಈ ಸಲ ನಗು ಎಲ್ಲೂ ನಿಲ್ಲದೆ ಪೂರ್ತಿ ಕೇಳಿಸಿತು. ಮುಖ ಮಾತ್ರ ಇರಲಿಲ್ಲ.