ಶನಿವಾರ ನೆನೆಹಾಕಿದ ಜೆರ್ಸಿ

ಹೋದ ವರ್ಷ ದಸರಾ ರಜೆಗೆ ಮುಂಚಿನ ಶನಿವಾರ ನಡೆದದ್ದು. ಬೆಳಿಗ್ಗೆ ಆರಕ್ಕೆ ಎದ್ದವಳೇ, ಆಗ ಒಂಬತ್ತನೇ ಕ್ಲಾಸಿನಲ್ಲಿದ್ದ ನನ್ನ ಮಗಳು ಭೂಮಿಕಾಳ ಕಬಡ್ಡಿ ಜೆರ್ಸಿಯನ್ನು ಬಕೆಟ್ಟಿಗೆ ಹಾಕಿ, ಸೋಪಿನ ಪುಡಿ ಸುರಿದು ನೆನೆಹಾಕಿದೆ. ಬೇಕಂತಲೇ ಹಾಕಿದೆ. ಅವತ್ತು ಹತ್ತು ಗಂಟೆಗೆ ಅವಳ ಮೊದಲ ಮ್ಯಾಚು.

ನಮ್ಮದು ಬಾಗಲಕೋಟೆ ಕಡೆ. ಮನೆಯವರ ನೌಕರಿಯಿಂದಾಗಿ ಬಹಳ ವರ್ಷಗಳಿಂದ ಹೈದರಾಬಾದಿನ ಕೂಕಟ್‌ಪಲ್ಲಿಯಲ್ಲಿದ್ದೇವೆ. ಭೂಮಿಕಾ ಒಬ್ಬಳೇ ಮಗಳು, ಬಹಳ ಮೆತ್ತಗಿನವಳು. ಕೆಳಗಿನ ಅಂಗಡಿಯಲ್ಲಿ ಕೊತ್ತಂಬರಿ ಕೇಳಬೇಕಾದರೂ ನನ್ನ ಹಿಂದೆ ನಿಲ್ಲುತ್ತಿದ್ದಳು. ಯಾರಾದರೂ ಹೆಸರು ಕೇಳಿದರೆ ನಾನೇ ಹೇಳುತ್ತಿದ್ದೆ. ಅಂಥವಳು ಶಾಲೆಯ ಕಬಡ್ಡಿ ತಂಡ ಸೇರುತ್ತೇನೆಂದಾಗ ನಾವಿಬ್ಬರೂ ಬೇಡವೆಂದೆವು.

"ಮೊಣಕಾಲ ಚಿಪ್ಪು ಹ್ವಾದ್ರ ಯಾರು ನೋಡ್ತಾರ? ಮುಂದಿನ ವರ್ಷ ಹತ್ತನೇತ್ತ ಐತಿ," ಅಂದರು ಇವರು.

"ಚಿಪ್ಪು ನಂದಪ್ಪಾ. ನಾನ ನೋಡ್ಕೋತೀನಿ."

ಅವಳು ಅಪ್ಪನಿಗೆ ಎದುರು ಮಾತಾಡಿದ್ದು ಅದೇ ಮೊದಲು. ಸಹಿ ಬೇಕಾಗಿದ್ದ ಫಾರ್ಮು ಮೂರು ವಾರ ಫ್ರಿಜ್ಜಿನ ಮೇಲೇ ಇತ್ತು. ಅವಳು ದಿನಾ ಬೆಳಿಗ್ಗೆ ಐದೂವರೆಗೆ ಎದ್ದು ನಮ್ಮ ಅಪಾರ್ಟ್‌ಮೆಂಟಿನ ಮೆಟ್ಟಿಲು ಹತ್ತಿಳಿಯತೊಡಗಿದಳು. ಕಡೆಗೆ, "ಎಂಟು ದಿನದಾಗ ತಾನ ಬಿಡ್ತಾಳ ತಗೋ," ಎಂದು ಇವರು ಸಹಿ ಹಾಕಿದರು.

ಬಿಡಲಿಲ್ಲ. ತರಚಿದ ಮೊಣಕೈಗೆ ತಾನೇ ಅರಿಶಿನ ಹಚ್ಚಿಕೊಂಡಳು. ಆದರೆ ಆ ಗುರುವಾರ ತುಟಿ ಒಡೆದುಕೊಂಡು ಬಂದಾಗ ನನಗೆ ತಡೆಯಲಾಗಲಿಲ್ಲ. ನಂಬರಿನ ಜೆರ್ಸಿ ಇಲ್ಲದವರನ್ನು ಅಂಕಣಕ್ಕೆ ಬಿಡುವುದಿಲ್ಲ, ಮೊದಲ ಮ್ಯಾಚು ತಪ್ಪಿಸಿದವರ ಜಾಗ ಬೇರೆಯವರಿಗೆ ಎಂದು ಅವರ ಮೇಡಂ ಹೇಳಿದ್ದು ನನಗೆ ಗೊತ್ತಿತ್ತು. ಜೆರ್ಸಿ ಇದ್ದದ್ದೂ ಒಂದೇ.

"ಅವ್ವಾ, ನನ್ನ ಜೆರ್ಸಿ ಎಲ್ಲಿ?"

"ವಾಸನಿ ಹೊಡ್ಯಾಕತ್ತಿತ್ತು. ನೆನಿಹಾಕೀನಿ."

ಅವಳು ಬಕೆಟ್ಟು ನೋಡಿದಳು, ನನ್ನ ಮುಖ ನೋಡಿದಳು. ಜೆರ್ಸಿಯನ್ನು ಹಿಂಡಿ, ಒದ್ದೆಯದನ್ನೇ ತೊಟ್ಟುಕೊಂಡು, ನಾಷ್ಟಾ ಮಾಡದೆ ಹೋಗಿಬಿಟ್ಟಳು. ಮೆಟ್ಟಿಲ ಮೇಲೆಲ್ಲ ಸೋಪಿನ ನೀರು ಹನಿದಿತ್ತು. ಯಾರಾದರೂ ಜಾರಿಯಾರೆಂದು ಅರಿವೆ ಹಿಡಿದು ಒರೆಸುತ್ತ ಇಳಿದೆ. ಮೂರು ಮಹಡಿ ಒರೆಸುವಷ್ಟರಲ್ಲಿ ನನಗೆ ನನ್ನ ಮೇಲೇ ನಾಚಿಕೆಯಾಯಿತು. ಮೇಲೆ ಹೋಗಿ ಡಬ್ಬಿಗೆ ಅವಲಕ್ಕಿ ತುಂಬಿಕೊಂಡು ಶಾಲೆಗೆ ನಡೆದೆ.

ಮೈದಾನದಲ್ಲಿ ರೆಫರಿ ಸರ್ ಹುಡುಗಿಯರ ಉಗುರು ನೋಡುತ್ತಿದ್ದರು. ಭೂಮಿಕಾಳ ಸರದಿ ಬಂದಾಗ ಜೆರ್ಸಿ ಮುಟ್ಟಿ ಬೆರಳು ಉಜ್ಜಿ ನೋಡಿದರು. "ಸೋಪು ಜಾರುತ್ತೆ, ಹಿಡಿಯೋರಿಗೆ ಸಿಗೋದಿಲ್ಲ. ಇದರಲ್ಲಿ ಆಡಂಗಿಲ್ಲ," ಎಂದು ತೆಲುಗಿನಲ್ಲಿ ಹೇಳಿದರು. ನಾನು ಅಭ್ಯಾಸಬಲದಿಂದ ಮುಂದೆ ಬಂದು, "ಸರ್, ಅದು..." ಎಂದೆ.

"ಅವ್ವಾ, ನೀ ತಡಿ. ನಾ ಮಾತಾಡ್ತೀನಿ."

ನೆಟ್ಟಗೆ ನಿಂತು ತೆಲುಗಿನಲ್ಲೇ ಕೇಳಿದಳು: "ಸರ್, ಸೋಪು ತೆಗೆದು ಒಣಗಿಸಿಕೊಂಡು ಬಂದರೆ ಎರಡನೇ ಅರ್ಧಕ್ಕೆ ಬಿಡ್ತೀರಾ?"

ಸರ್ ಗಡಿಯಾರ ನೋಡಿ, ಆಗಲಿ ಎಂದು ತಲೆಯಾಡಿಸಿದರು.

ಅವಳು ಗೆಳತಿಯ ಯೂನಿಫಾರ್ಮ್ ಶರ್ಟು ತೊಟ್ಟು ಬಂದು, ಜೆರ್ಸಿಯನ್ನು ನನ್ನ ಕೈಗಿಟ್ಟಳು. ನಲ್ಲಿಯಲ್ಲಿ ನಾಲ್ಕು ಸಲ ಜಾಲಾಡಿಸಿದೆ. ಗೇಟಿನಾಚೆ ಇಸ್ತ್ರಿ ಬಂಡಿ ಕಾಣಿಸಿತು. ಓಡಿದೆ. ಇಸ್ತ್ರಿ ಚಾಚಾ ಜೆರ್ಸಿಯ ಅಂಚು ಮೂಸಿ, "ಕ್ಯಾ ಅಮ್ಮಾ, ಸಾಬೂನ್ ಭೀ ನೈ ನಿಕಾಲೇ?" ಎಂದು ನಕ್ಕರು. ಸೋಪನ್ನೂ ತೆಗೆದಿಲ್ಲವಲ್ಲ ಎಂದು ಅವರ ಮಾತು; ಜಾರಿಕೆ ಹೋಗಿದ್ದರೂ ವಾಸನೆ ಇನ್ನೂ ಹೋಗಿರಲಿಲ್ಲ. ಸಿಂಥೆಟಿಕ್ ಬಟ್ಟೆ, ಕೆಂಡದ ಇಸ್ತ್ರಿ. ನೇರ ಇಟ್ಟರೆ ಕರಗಿಹೋಗುತ್ತದೆ. ಚಾಚಾ ಮೇಲೊಂದು ಕೆಳಗೊಂದು ಹತ್ತಿ ಬಟ್ಟೆ ಹಾಸಿ ನಿಧಾನ ಒತ್ತಿದರು. ಹಬೆ ಏಳುತ್ತಿತ್ತು. ಬಟ್ಟೆ ಬದಲಿಸಿ ಮತ್ತೆ ಒತ್ತಿದರು. ಮೈದಾನದಿಂದ ಸೀಟಿ ಕೇಳಿದಾಗೆಲ್ಲ ನಾನು ಗೇಟಿನ ಕಡೆ ತಿರುಗಿ ನೋಡುತ್ತಿದ್ದೆ.

ಎರಡನೇ ಅರ್ಧ ಶುರುವಾಗುವ ಹೊತ್ತಿಗೆ ಜೆರ್ಸಿ ಕೊಟ್ಟೆ. ಸರ್ ಮತ್ತೆ ಮುಟ್ಟಿ ನೋಡಿ, ಹೋಗು ಎಂದರು.

ಆಮೇಲೆ ಕೇಳಿದ್ದು ಅವಳ ದನಿ. "ಕಬಡ್ಡಿ, ಕಬಡ್ಡಿ, ಕಬಡ್ಡಿ..." ಹದಿನಾಲ್ಕು ವರ್ಷ ನಾನು ಸಾಕಿದ ಹುಡುಗಿಗೆ ಇಷ್ಟು ದೊಡ್ಡ ಗಂಟಲಿದೆ ಎಂದು ನನಗೇ ಗೊತ್ತಿರಲಿಲ್ಲ. ಇಬ್ಬರನ್ನು ಮುಟ್ಟಿ ಬಂದಳು. ಮುಂದಿನ ಸಲ ಐವರು ಮೇಲೆ ಬಿದ್ದು ಹಿಡಿದರು. ನಾನು ಕಣ್ಣು ಮುಚ್ಚಿದೆ. ತೆರೆದಾಗ ಅವಳು ಮಣ್ಣು ಕೊಡವಿಕೊಂಡು ಏಳುತ್ತಿದ್ದಳು. ಮ್ಯಾಚು ಸೋತರು. ಮೇಡಂ ಮಾತ್ರ ಅವಳ ಬೆನ್ನು ತಟ್ಟಿ, ಸೋಮವಾರ ಬೇಗ ಬಾ ಎಂದರು.

ಮರದ ಕೆಳಗೆ ಅವಲಕ್ಕಿ ತಿನ್ನುವಾಗ ಹೇಳಿಬಿಟ್ಟೆ. "ಭೂಮಿ, ಜೆರ್ಸಿ ನಾ ಬೇಕಂತ ನೆನಿಹಾಕಿದ್ದೆ."

"ಗೊತ್ತೈತಿ ಬಿಡವ್ವಾ."

"ಹೆಂಗ?"

"ಬಣ್ಣದ ಬಟ್ಟಿ ಆದಿತ್ಯವಾರ ಬಿಟ್ಟು ಯಾವತ್ತರ ನೆನಿಹಾಕೀಯೇನು ನೀ?" ಎಂದು ನಕ್ಕಳು. ತುಟಿಯ ಗಾಯ ಬಿರಿದು ನೋವಾಯಿತೇನೋ, ಕೈ ಅಡ್ಡ ಹಿಡಿದುಕೊಂಡಳು. ನಾನು ಡಬ್ಬಿಯನ್ನು ಅವಳ ಕಡೆ ಸರಿಸಿದೆ.

ಈಗ ಜೆರ್ಸಿಯನ್ನು ಶುಕ್ರವಾರವೇ ಒಗೆದು ಬಾಲ್ಕನಿಯ ತಂತಿಗೆ ಎರಡು ಕ್ಲಿಪ್ಪು ಹಾಕಿ ಒಣಹಾಕುತ್ತೇನೆ. ಹತ್ತನೇತ್ತದ ಚಿಂತೆ ಇವರಿಗೆ ಇನ್ನೂ ಹೋಗಿಲ್ಲ, ಮೊಣಕಾಲಿನ ಚಿಂತೆ ನನಗೂ ಹೋಗಿಲ್ಲ. ಆದರೆ ಯಾರಾದರೂ ಅವಳ ಹೆಸರು ಕೇಳಿದರೆ, ಬಾಯಿತುದಿಗೆ ಬಂದದ್ದನ್ನು ನುಂಗಿಕೊಂಡು ಸುಮ್ಮನೆ ನಿಲ್ಲುತ್ತೇನೆ. ಅವಳು ಹೇಳುತ್ತಾಳೆ.